ಟಾಕೀಸಿನ ಪರದೆ ಮೇಲೆ ಕಂಡ ಚುಕ್ಕಿ, ಮಳೆ, ಕಂದು ಗುಳ್ಳೆ: ಅವೆಲ್ಲ ಏನು, ಯಾಕೆ?

(ಇದು ನಾಲ್ಕೈದು ಜನರ ಮಾತುಕತೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಬೆಳಕಿನ ಕೋಲು

ರೀಲು ಓಡುತ್ತಿದ್ದ ಕಾಲದಲ್ಲಿ ಓಣಿಯ ಟಾಕೀಸಿಗೆ ಹೋಗಿ ಬೆಳೆದ ಮಕ್ಕಳಿಗೆ ಕಥೆ ಮರೆತರೂ ಪರದೆ ಮರೆಯುವುದಿಲ್ಲ. ಬಲಗಡೆ ಮೇಲಿನ ಮೂಲೆಯಲ್ಲಿ ಮಿಂಚಿ ಮಾಯವಾಗುವ ದುಂಡು ಚುಕ್ಕಿ. ಹಳೇ ಪ್ರಿಂಟಿನಲ್ಲಿ ಬಿಡದೆ ಸುರಿಯುವ ಗೆರೆಗಳ ಮಳೆ. ಕಾಲು ಮೇಲೆ, ತಲೆ ಕೆಳಗೆ, ನಡುವೆ ಒಂದು ಕಪ್ಪು ಪಟ್ಟಿ. ಚಿತ್ರ ಗಕ್ಕನೆ ನಿಂತು, ನಡುವಿನಿಂದ ಕಂದು ಗುಳ್ಳೆ ಎದ್ದು, ಪರದೆ ಬೆಳ್ಳಗಾಗುವುದು. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಇದ್ದಕ್ಕಿದ್ದ ಹಾಗೆ ಪರದೆ ನೀಲಿಗೋ ಕೆಂಚಿಗೋ ತಿರುಗುವುದು.

ಇವುಗಳಲ್ಲಿ ಒಂದೊಂದಕ್ಕೂ ಯಂತ್ರದ ಒಳಗೆ ಒಂದೊಂದು ಕಾರಣ ಇರಲೇಬೇಕು. ಆಪರೇಟರ್ ಕೆಲಸ ಬಲ್ಲವರು ಬಿಡಿಸಿ ಹೇಳಿ. ಭಾಗದ ಹೆಸರು, ಅಳತೆ, ಎಲ್ಲಿ ಎಡವಟ್ಟಾಗುತ್ತದೆ, ಎಲ್ಲವೂ ಬೇಕು.

ರೀಲುಪೆಟ್ಟಿಗೆ

ಮೊದಲು ಲೆಕ್ಕ. ಇದು ಕೈಯಲ್ಲಿದ್ದರೆ ಮಿಕ್ಕದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

35 ಮಿ.ಮೀ. ಫಿಲ್ಮಿನಲ್ಲಿ ಒಂದು ಫ್ರೇಮಿನ, ಅಂದರೆ ಒಂದು ಬಿಡಿ ಚಿತ್ರದ, ಎತ್ತರಕ್ಕೆ ಅಂಚಿನಲ್ಲಿ 4 ತೂತು. ಒಂದು ಅಡಿಗೆ 16 ಫ್ರೇಮು. ಸೆಕೆಂಡಿಗೆ 24 ಫ್ರೇಮು ಓಡಬೇಕು, ಅಂದರೆ ಸೆಕೆಂಡಿಗೆ ಒಂದೂವರೆ ಅಡಿ, ನಿಮಿಷಕ್ಕೆ 90 ಅಡಿ. 2000 ಅಡಿಯ ದೊಡ್ಡ ರೀಲು 22 ನಿಮಿಷ ಓಡುತ್ತದೆ. ಎರಡೂವರೆ ಗಂಟೆಯ ಸಿನಿಮಾ ಅಂದರೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ಮೇಲೆ. ಆದ್ದರಿಂದ ಏಳು ರೀಲು, ಎರಡು ಪ್ರೊಜೆಕ್ಟರು. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ಎತ್ತಿಕೊಳ್ಳಬೇಕು.

ಮೂಲೆಯ ಚುಕ್ಕಿ ಇರುವುದು ಇದಕ್ಕೇ. ಒಂದು ರೀಲಿಗೆ ಎರಡು ಸಲ ಬರುತ್ತದೆ, ಒಂದೊಂದು ಸಲವೂ 4 ಫ್ರೇಮು, ಸೆಕೆಂಡಿನ ಆರನೇ ಒಂದು ಭಾಗ. ಮೊದಲ ಚುಕ್ಕಿಗೆ ಎರಡನೇ ಯಂತ್ರದ ಮೋಟರು ಹಾಕಬೇಕು. ಅದಾಗಿ 172 ಫ್ರೇಮು, ಸುಮಾರು 7 ಸೆಕೆಂಡು ಕಳೆದ ಮೇಲೆ ಎರಡನೇ ಚುಕ್ಕಿ. ಆಗ ಬೆಳಕನ್ನೂ ಧ್ವನಿಯನ್ನೂ ಬದಲಿಸಬೇಕು. ಎರಡನೇ ಚುಕ್ಕಿಯ ನಂತರ ಹಳೇ ರೀಲಿನಲ್ಲಿ ಉಳಿದಿರುವ ಚಿತ್ರ 18 ಫ್ರೇಮು ಮಾತ್ರ, ಮುಕ್ಕಾಲು ಸೆಕೆಂಡು. ಅಷ್ಟರೊಳಗೆ ಕೈ ಆಡಿರಬೇಕು.

ಮುಂದಿನ ಸಾಲು

ರೀಲು ಬದಲಾಗುವಾಗ ಒಮ್ಮೊಮ್ಮೆ 3 ಅಂತಲೋ 4 ಅಂತಲೋ ಅಂಕಿ ಮಿಂಚುತ್ತಿತ್ತಲ್ಲ, ಅದು?

ರೀಲುಪೆಟ್ಟಿಗೆ

ಅದು ಲೀಡರು. ರೀಲಿನ ತಲೆಗೆ ಅಂಟಿಸಿದ ಎಣಿಕೆ ಪಟ್ಟಿ. ಆರಂಭದ ಗುರುತಿನಿಂದ ಮೊದಲ ಚಿತ್ರದವರೆಗೆ 12 ಅಡಿ, ಅಂದರೆ ಪೂರ್ತಿ ವೇಗದಲ್ಲಿ 8 ಸೆಕೆಂಡು. ಹಳೇ ಲೀಡರಿನಲ್ಲಿ ಅಂಕಿ ಅಡಿಯ ಲೆಕ್ಕದಲ್ಲಿ ಇಳಿಯುತ್ತದೆ, ಆಮೇಲಿನದರಲ್ಲಿ ಸೆಕೆಂಡಿನ ಲೆಕ್ಕದಲ್ಲಿ.

ಯಾವ ಅಂಕಿಯನ್ನು ಗೇಟಿಗೆ, ಅಂದರೆ ಫಿಲ್ಮಿನ ಮೇಲೆ ಬೆಳಕು ಬೀಳುವ ಕಿಂಡಿಗೆ, ಕೂರಿಸಿ ಕಾಯಬೇಕು ಅನ್ನುವುದೇ ಇಲ್ಲಿ ಕೈಚಳಕ. ಮೋಟರು ಹಾಕಿದ ಕೂಡಲೇ ಪೂರ್ತಿ ವೇಗ ಬರುವಂತಿದ್ದರೆ ಎರಡು ಚುಕ್ಕಿಗಳ ನಡುವೆ 11 ಅಡಿ ಓಡುತ್ತದೆ. ಆದರೆ ಯಂತ್ರ ಮೆಲ್ಲಗೆ ವೇಗ ಹಿಡಿಯುತ್ತದೆ, ಒಂದೊಂದು ಯಂತ್ರ ಒಂದೊಂದು ಥರ. ಹಾಗಾಗಿ 11ರ ಬದಲು 9ಕ್ಕೋ 8ಕ್ಕೋ ಕೂರಿಸುತ್ತಾರೆ. ಬೇಕಾದ್ದಕ್ಕಿಂತ ದೊಡ್ಡ ಅಂಕಿಗೆ ಕೂರಿಸಿದರೆ ಚಿತ್ರ ಇನ್ನೂ ಬಂದಿರುವುದಿಲ್ಲ, ಪರದೆ ಮೇಲೆ ಅಂಕಿ ಕಾಣುತ್ತದೆ. ಚಿಕ್ಕ ಅಂಕಿಗೆ ಕೂರಿಸಿದರೆ ಹೊಸ ರೀಲಿನ ಮೊದಲ ಮಾತು ಕತ್ತಲಲ್ಲೇ ಓಡಿಹೋಗಿರುತ್ತದೆ. ಇದರಲ್ಲಿ ಎರಡನೆಯದೇ ಕೆಟ್ಟದ್ದು. ಅಂಕಿ ಕಂಡರೆ ಯಾರಿಗೂ ನಷ್ಟವಿಲ್ಲ, ಮಾತು ಹೋದರೆ ಹೋಯಿತು.

ಇನ್ನೊಂದು ಮಾತು. ರೀಲಿನ ಬಾಲ ಹರಿದು ಹರಿದು ಕತ್ತರಿಸುತ್ತಾ ಬಂದರೆ ಅಚ್ಚಿನ ಚುಕ್ಕಿಯೇ ಹೋಗಿರುತ್ತದೆ. ಆಗ ಮೊಳೆಯಲ್ಲಿ ಗೀಚಿದ ಗುರುತು ಬರುತ್ತದೆ. ಓರೆಕೋರೆ ಅಡ್ಡಗೆರೆಗಳು ಒಂದರ ಹಿಂದೊಂದು ಮಿಂಚಿದ್ದನ್ನು ನೋಡಿದ್ದರೆ, ಆ ಪ್ರಿಂಟು ಹಲವು ಕ್ಯಾಬಿನ್ (ಪ್ರೊಜೆಕ್ಟರ್ ಕೋಣೆ) ಸುತ್ತಿ ಬಂದಿದೆ ಎಂದೇ ಅರ್ಥ.

ಕಾರ್ಬನ್ ಕಡ್ಡಿ

ಪರದೆ ನೀಲಿ, ಕೆಂಚು ಆಗುವುದರ ಬಗ್ಗೆ ನಾನು ಬರೆಯುತ್ತೇನೆ.

ಹಳೇ ದೀಪ ಬಲ್ಬಲ್ಲ. ಎರಡು ಇಂಗಾಲದ ಕಡ್ಡಿಗಳ ತುದಿ ತಾಗಿಸಿ, ಕೂಡಲೇ ಸ್ವಲ್ಪ ದೂರ ಮಾಡಿದರೆ ನಡುವೆ ಹೊತ್ತಿಕೊಳ್ಳುವ ಚಾಪ. ನೇರ ವಿದ್ಯುತ್ತು ಬೇಕು, ವೋಲ್ಟು ಕಡಿಮೆ, ಆಂಪಿಯರು ಹತ್ತಾರು. ಧನ ಕಡ್ಡಿಯ ತುದಿಯಲ್ಲಿ ಒಂದು ಕುಳಿ ಬೀಳುತ್ತದೆ. ಪರದೆಗೆ ಹೋಗುವ ಬೆಳಕು ಮುಖ್ಯವಾಗಿ ಆ ಕುಳಿಯದ್ದು. ಹಿಂದೆ ಬೋಗುಣಿಯ ಆಕಾರದ ಕನ್ನಡಿ ಅದನ್ನು ಗೇಟಿನ ಮೇಲೆ ಒಟ್ಟುಗೂಡಿಸುತ್ತದೆ.

ಕಡ್ಡಿಗಳು ಸವೆಯುತ್ತಲೇ ಇರುತ್ತವೆ, ಧನ ಕಡ್ಡಿ ಬೇಗ, ಋಣ ಕಡ್ಡಿ ನಿಧಾನ. ಪುಟ್ಟ ಮೋಟರೊಂದು ಎರಡನ್ನೂ ಮುಂದೆ ತಳ್ಳುತ್ತದೆ, ಆದರೆ ಅದನ್ನೇ ನಂಬಿ ಕೂರಲಾಗುವುದಿಲ್ಲ. ಕುಳಿ ಕನ್ನಡಿಯ ನಾಭಿಯಿಂದ (ಫೋಕಸ್ ಬಿಂದುವಿನಿಂದ) ಚೂರು ಸರಿದರೂ ಪರದೆಯ ಬಣ್ಣ ಕೆಡುತ್ತದೆ, ಸರಿದ ಕಡೆಗೆ ತಕ್ಕಂತೆ ನೀಲಿ ಅಥವಾ ಕಂದು ಛಾಯೆ. ಅಂಚು ಮೊದಲು ಮಬ್ಬಾಗುತ್ತದೆ. ಇದನ್ನು ಕಾಯಲು ದೀಪದ ಮನೆಯ ಪಕ್ಕದಲ್ಲಿ ಒಂದು ಸಣ್ಣ ಕಿಂಡಿ ಇಟ್ಟಿರುತ್ತಾರೆ. ಕಡ್ಡಿಗಳ ತುದಿಯ ಬಿಂಬ ಅದರಿಂದ ಹೊರಗಿನ ಫಲಕದ ಮೇಲೆ ಬೀಳುತ್ತದೆ. ಫಲಕದಲ್ಲಿ ಗೆರೆ ಎಳೆದಿರುತ್ತದೆ, ತುದಿ ಆ ಗೆರೆ ದಾಟದ ಹಾಗೆ ಗುಂಡಿ ತಿರುಗಿಸುತ್ತಿರಬೇಕು.

ಎಡವಟ್ಟುಗಳು: ಕಡ್ಡಿ ತೇವ ಹೀರಿದ್ದರೆ ಚಟಪಟ ಸಿಡಿದು ಬೆಳಕು ಕುಣಿಯುತ್ತದೆ, ಅದಕ್ಕೇ ಮುಂದಿನ ಜೋಡಿಯನ್ನು ದೀಪದ ಮನೆಯ ಬಿಸಿ ತಲೆಯ ಮೇಲೆ ಇಟ್ಟು ಒಣಗಿಸುತ್ತಾರೆ. ಹೊಗೆ ಕೊಳವೆಯ ಸೆಳೆತ ಜೋರಾದರೆ ಚಾಪ ಅಲುಗಾಡುತ್ತದೆ, ಕಡಿಮೆಯಾದರೆ ಬೂದಿ ಕನ್ನಡಿಗೆ ಕೂರುತ್ತದೆ. ಕಡ್ಡಿಯ ಮೇಲಿನ ತಾಮ್ರದ ಲೇಪ ಕರಗಿ ಹನಿ ಸಿಡಿದು ಕನ್ನಡಿಗೆ ಗುಳಿ ಬೀಳುತ್ತದೆ, ಆ ಬೆಳಕು ಮತ್ತೆ ಬರುವುದಿಲ್ಲ. ಹೊಸ ಕಡ್ಡಿಗೆ ಕುಳಿ ಬೀಳಲು ಸಮಯ ಬೇಕು. ಹಾಗಾಗಿ ರೀಲು ಬದಲಿಸುವ ಕೆಲವು ನಿಮಿಷ ಮುಂಚೆಯೇ ಎರಡನೇ ಚಾಪ ಹೊತ್ತಿಸಿ ಹದಕ್ಕೆ ತಂದಿರಬೇಕು. ತಡವಾಗಿ ಹೊತ್ತಿಸಿದ್ದೇ ಹೊಸ ರೀಲು ಮಂಕಾಗಿ ಶುರುವಾಗಿ ಆಮೇಲೆ ಬೆಳಗುವುದಕ್ಕೆ ಕಾರಣ.

ಚಾಪವನ್ನು ಕಪ್ಪು ಗಾಜಿನ ಮೂಲಕ ಬಿಟ್ಟು ಬರಿಗಣ್ಣಲ್ಲಿ ನೋಡುವ ಹಾಗೇ ಇಲ್ಲ.

ಮುಂದಿನ ಸಾಲು

ಫಿಲ್ಮು ಒಂದೇ ಸಮ ಓಡುತ್ತಿರುತ್ತದೆ, ಕಣ್ಣು ಅದನ್ನು ಜೋಡಿಸಿಕೊಳ್ಳುತ್ತದೆ ಅಂತ ಓದಿದ ನೆನಪು. ಹಾಗಾದರೆ ತಲೆ ಕೆಳಗೆ ಕಾಲು ಮೇಲೆ ಹೇಗೆ ಬರುತ್ತದೆ?

ರೀಲುಪೆಟ್ಟಿಗೆ

ಒಂದೇ ಸಮ ಓಡುವುದು ಗೇಟಿನ ಮೇಲೆ ಮತ್ತು ಕೆಳಗೆ ಮಾತ್ರ. ಗೇಟಿನಲ್ಲಿ ಅದು ನಿಂತು ನಿಂತು ಇಳಿಯುತ್ತದೆ. ಹಾಗೆ ಎಳೆಯುವುದು ಮಾಲ್ಟೀಸ್ ಕ್ರಾಸ್, ನಾಲ್ಕು ಸೀಳಿನ ಉಕ್ಕಿನ ನಕ್ಷತ್ರ. ಪಕ್ಕದ ಚಕ್ರದಲ್ಲಿ ಒಂದು ಮೊಳೆ. ಚಕ್ರ ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ, ಫ್ರೇಮಿಗೆ ಒಂದು ಸುತ್ತು. ಸುತ್ತಿನ ಕಾಲು ಭಾಗದಲ್ಲಿ ಮಾತ್ರ ಮೊಳೆ ಸೀಳಿಗೆ ಸಿಕ್ಕು ನಕ್ಷತ್ರವನ್ನು ಕಾಲು ತಿರುವು ತಿರುಗಿಸುತ್ತದೆ. ಅಂದರೆ ಫಿಲ್ಮು ಇಳಿಯಲು ಸೆಕೆಂಡಿನ 96ನೇ ಒಂದು ಭಾಗ, ನಿಲ್ಲಲು 32ನೇ ಒಂದು ಭಾಗ. ಇಳಿಯುವಾಗ ಬೆಳಕು ಕಾಣದ ಹಾಗೆ ಶಟರಿನ ಎಲೆ ಅಡ್ಡ ಬರುತ್ತದೆ. ಸೆಕೆಂಡಿಗೆ 24 ಮಿಣುಕು ಕಣ್ಣಿಗೆ ಗೊತ್ತಾಗುತ್ತದೆ, ಅದಕ್ಕೇ ನಿಂತ ಚಿತ್ರದ ನಡುವೆ ಇನ್ನೊಂದು ಎಲೆಯನ್ನೂ ಅಡ್ಡ ಬಿಟ್ಟು 48 ಮಾಡಿದ್ದಾರೆ.

ಗೇಟಿನ ಮೇಲೊಂದು ಕೆಳಗೊಂದು ಫಿಲ್ಮಿನ ಸಡಿಲ ಬಳುಕು ಬಿಟ್ಟಿರುತ್ತಾರೆ, ಲೂಪು ಅಂತ. ಒಂದೇ ಸಮ ಓಡುವ ಭಾಗಕ್ಕೂ ನಿಂತು ಓಡುವ ಭಾಗಕ್ಕೂ ಜಗಳ ಬರದಂತೆ ತಡೆಯುವುದು ಅದೇ. ಅಂಚಿನ ತೂತು ಹರಿದು ಲೂಪು ಹೋಯಿತೋ, ಟರ್ ಟರ್ ಸದ್ದಿನ ಜೊತೆ ಚಿತ್ರ ನಡುಗುತ್ತದೆ.

ತಲೆ ಕೆಳಗಾಗಲು ಕಾರಣ ಎರಡು. ಫಿಲ್ಮು ಹಾಕುವಾಗಲೇ ಫ್ರೇಮು ಗೇಟಿಗೆ ಸರಿಯಾಗಿ ಕೂತಿಲ್ಲ, ಇಲ್ಲವೇ ರೀಲಿನ ನಡುವೆ ಯಾರೋ ಅಂಟಿಸುವಾಗ ತೂತಿನ ಲೆಕ್ಕ ತಪ್ಪಿದ್ದಾರೆ. ಒಂದು ತೂತು ತಪ್ಪಿದರೆ ಚಿತ್ರ ಕಾಲು ಭಾಗ ಸರಿಯುತ್ತದೆ, ಎರಡು ತಪ್ಪಿದರೆ ಅರ್ಧಕ್ಕರ್ಧ. ಅಂಟು ದಾಟಿದ ಮೇಲೆ ಬರುವ ಎಲ್ಲ ಫ್ರೇಮೂ ಹಾಗೇ ಇರುತ್ತವೆ, ಫ್ರೇಮಿಂಗ್ ಗುಂಡಿ ತಿರುಗಿಸುವ ತನಕ.

ಧ್ವನಿಪಟ್ಟಿ

ಚಿತ್ರದ ನಡುಕದ ಬಗ್ಗೆ ಒಂದು ಸೇರಿಸಲೇಬೇಕು, ಪರದೆ ನೋಡಿಯೇ ರೋಗ ಹೇಳಬಹುದು. ಮಾಲ್ಟೀಸ್ ಕ್ರಾಸಿನ ಜೊತೆ ತಿರುಗಿ ಫಿಲ್ಮು ಎಳೆಯುವ ಹಲ್ಲುಚಕ್ರಕ್ಕೆ 16 ಹಲ್ಲು, ಅಂದರೆ ಒಂದು ಸುತ್ತಿಗೆ 4 ಫ್ರೇಮು. ಚಿತ್ರ ಸೆಕೆಂಡಿಗೆ ಸರಿಯಾಗಿ 6 ಸಲ ತಾಳ ಹಾಕಿದಂತೆ ಮೇಲೆ ಕೆಳಗೆ ಕುಪ್ಪಳಿಸಿದರೆ ಆ ಚಕ್ರದ ದಂಡವೇ ಬಾಗಿದೆ. ತಾಳವಿಲ್ಲದೆ ಅಲ್ಲಲ್ಲಿ ಹಾರಿದರೆ ಗೇಟಿನ ಪಟ್ಟಿಯ ಒತ್ತಡ ಸಾಲದು, ಇಲ್ಲವೇ ಪ್ರಿಂಟಿನ ತೂತು ಸವೆದಿದೆ.

ಬಿಳಿ ಅಕ್ಷರಗಳಿಗೆ ಬಾಲ ಬರುವುದನ್ನೂ ನೋಡಿರುತ್ತೀರಿ. ಶಟರಿನ ಹೊಂದಿಕೆ ತಪ್ಪಿದ್ದು. ಗೇಟಿನಲ್ಲಿ ಚಿತ್ರ ತಲೆಕೆಳಗಾಗಿ ಇರುವುದರಿಂದ ಫಿಲ್ಮು ಕೆಳಗೆ ಇಳಿದರೆ ಪರದೆ ಮೇಲೆ ಚಿತ್ರ ಮೇಲೆ ಹೋಗುತ್ತದೆ. ಬಾಲ ಅಕ್ಷರದ ಮೇಲಕ್ಕಿದ್ದರೆ ಎಲೆ ತಡವಾಗಿ ಮುಚ್ಚುತ್ತಿದೆ, ಕೆಳಕ್ಕಿದ್ದರೆ ಬೇಗ ತೆರೆಯುತ್ತಿದೆ. ಎರಡೂ ಕಡೆ ಬಾಲ ಇದ್ದರೆ ಹೊಂದಿಕೆಯಿಂದ ಸರಿಹೋಗುವುದಿಲ್ಲ, ಎಲೆ ಕಿರಿದಾಗಿದೆ ಅಥವಾ ಗೇರು ಸವೆದು ಸಡಿಲವಾಗಿದೆ.

ಇಷ್ಟು ಸಣ್ಣ ದೋಷ ಅಷ್ಟು ದೊಡ್ಡದಾಗಿ ಯಾಕೆ ಕಾಣುತ್ತದೆ? ಗೇಟಿನ ಕಿಂಡಿಯ ಅಗಲ ಸುಮಾರು 21 ಮಿ.ಮೀ. ಪರದೆ ಹತ್ತೂವರೆ ಮೀಟರ್ ಅಗಲ ಇದ್ದರೆ ಹಿಗ್ಗುವಿಕೆ 500 ಪಟ್ಟು. ಗೇಟಿನಲ್ಲಿ ನೂರನೇ ಒಂದು ಮಿಲಿಮೀಟರ್ ಅಲುಗಿದರೆ ಪರದೆಯಲ್ಲಿ 5 ಮಿ.ಮೀ. ಮೂಲೆಯಲ್ಲಿ ಕೂತು ಒದ್ದಾಡುವ ಆ ಕಪ್ಪು ಕೂದಲು ನಿಜಕ್ಕೂ ಕಣ್ಣಿಗೆ ಕಾಣಿಸದಷ್ಟು ಸಣ್ಣ ಎಳೆ.

ಬೆಳಕಿನ ಕೋಲು

ಕಂದು ಗುಳ್ಳೆ?

ಕಾರ್ಬನ್ ಕಡ್ಡಿ

ಅದು ಒಂದು ಫ್ರೇಮು ಕಣ್ಣೆದುರೇ ಬೇಯುವುದು. ಫ್ರೇಮು ಗೇಟಿನಲ್ಲಿ ಇರುವುದು ಕ್ಷಣಮಾತ್ರ, ಅಷ್ಟೇ ಹೊತ್ತು ಅದು ಆ ಬಿಸಿ ತಡೆಯಬಲ್ಲದು. ನಿಂತುಬಿಟ್ಟರೆ ನಡುಭಾಗ ಮೊದಲು ಕಂದಾಗಿ, ಉಬ್ಬಿ, ಕರಗಿ ತೂತು ಬೀಳುತ್ತದೆ. ತೂತಿನಿಂದ ಬರುವುದು ಬರೀ ಬೆಳಕು, ಅದೇ ಬಿಳಿ ಪರದೆ.

ಇದನ್ನು ತಡೆಯಲು ಯಂತ್ರದಲ್ಲಿ ಬೆಂಕಿ ಬಾಗಿಲು ಇದೆ. ಯಂತ್ರದ ವೇಗ ಇಳಿದರೆ ಅದು ತಾನಾಗಿ ಬಿದ್ದು ಬೆಳಕಿಗೆ ಅಡ್ಡ ನಿಲ್ಲುತ್ತದೆ. ಹಾಗಿದ್ದೂ ಫಿಲ್ಮು ಸುಡುವುದೇಕೆ? ಆ ಬಾಗಿಲು ನೋಡುವುದು ಯಂತ್ರದ ವೇಗವನ್ನು, ಫಿಲ್ಮಿನದ್ದನ್ನಲ್ಲ. ಗೇಟಿನ ಹತ್ತಿರ ಅಂಚಿನ ತೂತುಗಳು ಕಿತ್ತುಹೋದರೆ ಹಲ್ಲುಚಕ್ರ ಸುಮ್ಮನೆ ತಿರುಗುತ್ತದೆ, ಮೋಟರು ಪೂರ್ತಿ ವೇಗದಲ್ಲೇ ಇರುತ್ತದೆ, ಬಾಗಿಲು ಬೀಳುವುದಿಲ್ಲ, ಫ್ರೇಮು ಮಾತ್ರ ನಿಂತಿದೆ. ಮೇಲಿನ ಹಲ್ಲುಚಕ್ರ ಇನ್ನೂ ಫಿಲ್ಮು ತಳ್ಳುತ್ತಲೇ ಇರುವುದರಿಂದ ಗೇಟಿನ ಮೇಲೆ ಅದು ಮಡಿಕೆ ಮಡಿಕೆಯಾಗಿ ಸಿಕ್ಕಿಕೊಳ್ಳುತ್ತದೆ. ಉಳಿದ ದಾರಿ ಒಂದೇ, ಆಪರೇಟರು ಕೈಯಿಂದ ಬೆಳಕಿನ ಬಾಗಿಲು ಮುಚ್ಚಬೇಕು. ಆಮೇಲೆ ಮೋಟರು.

ಅಸಿಟೇಟ್ ಫಿಲ್ಮು ಹೀಗೆ ಕರಗಿ ನಿಲ್ಲುತ್ತದೆ. ಅದಕ್ಕೆ ಮುಂಚಿನ ನೈಟ್ರೇಟ್ ಫಿಲ್ಮು ಹೊತ್ತಿಕೊಂಡು ಉರಿಯುತ್ತಿತ್ತು. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. 1950ರ ದಶಕದ ಆರಂಭದಲ್ಲಿ ಅದರ ತಯಾರಿಕೆ ನಿಂತಿತು. ಕ್ಯಾಬಿನ್ನಿನ ಕಿಂಡಿಗಳಿಗೆ ಕಬ್ಬಿಣದ ಇಳಿಬಾಗಿಲು, ದಪ್ಪ ಗೋಡೆ, ಬೇರೆಯೇ ಮೆಟ್ಟಿಲು, ಇವೆಲ್ಲ ಆ ಕಾಲದ ಭಯದಿಂದ ಬಂದ ಕಟ್ಟಡದ ರೂಢಿ.

ರೀಲುಪೆಟ್ಟಿಗೆ

ಹರಿದದ್ದನ್ನು ಅಂಟಿಸುವ ಕ್ರಮವನ್ನೂ ಬರೆಯುತ್ತೇನೆ. ಎರಡೂ ತುದಿಯನ್ನು ಫ್ರೇಮಿನ ಗೆರೆಗೆ ಕತ್ತರಿಸಿ, ಒಂದರಲ್ಲಿ ಮಾತ್ರ ಒಂದೆರಡು ಮಿ.ಮೀ. ಚಾಚು ಬಿಡಬೇಕು. ಆ ಚಾಚಿನ ಮೇಲಿನ ಚಿತ್ರದ ಪದರವನ್ನು ಪೂರ್ತಿ ಕೆರೆದು ಬರಿಯ ಪಾರದರ್ಶಕ ಹಾಳೆ ಕಾಣುವಂತೆ ಮಾಡಬೇಕು. ಚೂರು ಪದರ ಉಳಿದರೂ ಅಂಟು ಹಿಡಿಯುವುದಿಲ್ಲ. ಫಿಲ್ಮ್ ಸಿಮೆಂಟು ಎಂಬ ದ್ರವ ತೆಳ್ಳಗೆ ಒಂದೇ ಎಳೆತ, ಕೂಡಲೇ ಒತ್ತಿ ಹಿಡಿದು ಹದಿನೈದು ಇಪ್ಪತ್ತು ಎಣಿಸಬೇಕು. ಈ ಸಿಮೆಂಟು ಗೋಂದಿನ ಹಾಗೆ ಅಂಟಿಸುವುದಲ್ಲ, ಎರಡೂ ಹಾಳೆಗಳನ್ನು ಕರಗಿಸಿ ಬೆಸೆಯುತ್ತದೆ. ಜಾಸ್ತಿಯಾದರೆ ಜೋಡಣೆ ಸುರುಟಿ ಗೇಟಿನಲ್ಲಿ ಕುಪ್ಪಳಿಸುತ್ತದೆ, ಸೀಸೆ ಹಳತಾಗಿ ಮಂದವಾಗಿದ್ದರೆ ಓಡುವಾಗ ಬಿಡುತ್ತದೆ. ಆಮೇಲೆ ಬಂದ ಪಾಲಿಯೆಸ್ಟರ್ ಫಿಲ್ಮನ್ನು ಈ ಸಿಮೆಂಟು ಕರಗಿಸುವುದಿಲ್ಲ, ಅದನ್ನು ಟೇಪಿನಿಂದ ಅಂಟಿಸುತ್ತಾರೆ. ಪಾಲಿಯೆಸ್ಟರ್ ಹರಿಯುವುದೂ ಇಲ್ಲ, ಸಿಕ್ಕಿಕೊಂಡರೆ ಯಂತ್ರದ ಭಾಗವೇ ಬಾಗುತ್ತದೆ.

ಜೋಡಣೆ ಧ್ವನಿಯ ಪಟ್ಟಿಯನ್ನು ದಾಟುವ ಕಡೆ ಕಪ್ಪು ಶಾಯಿಯಿಂದ ತ್ರಿಕೋನ ಬರೆಯಬೇಕು. ಇಲ್ಲದಿದ್ದರೆ ಸ್ಪೀಕರಿನಲ್ಲಿ ಟಪ್ ಎನ್ನುತ್ತದೆ.

ಧ್ವನಿಪಟ್ಟಿ

ಅಂಟಿಸಿದ ಜಾಗದಲ್ಲಿ ಚಿತ್ರ ಮೊದಲು ಹಾರುತ್ತದೆ, ಮಾತು ಆಮೇಲೆ ಹಾರುತ್ತದೆ, ಗಮನಿಸಿದ್ದೀರಾ? ಎರಡರ ನಡುವೆ ಸೆಕೆಂಡಿಗಿಂತ ಚೂರು ಕಡಿಮೆ. ಧ್ವನಿಯನ್ನು ಗೇಟಿನಲ್ಲಿ ಓದಲಾಗುವುದಿಲ್ಲ, ಅಲ್ಲಿ ಫಿಲ್ಮು ನಿಂತು ಓಡುತ್ತದೆ. ಕೆಳಗೆ, ಭಾರದ ಚಕ್ರ ಜೋಡಿಸಿದ ಉರುಳೆಯ ಮೇಲೆ ಒಂದೇ ಸಮ ಹರಿಯುವಾಗ ಓದಬೇಕು. ಹಾಗಾಗಿ ಪ್ರಿಂಟಿನಲ್ಲಿ ಧ್ವನಿಯನ್ನು ಅದರ ಚಿತ್ರಕ್ಕಿಂತ 21 ಫ್ರೇಮು ಮುಂದಾಗಿ ಅಚ್ಚು ಹಾಕಿರುತ್ತಾರೆ.

ತುಟಿಗೂ ಮಾತಿಗೂ ತಾಳೆಯಾಗದಿರಲು ಸಾಮಾನ್ಯ ಕಾರಣ ಕೆಳಗಿನ ಲೂಪು. ಅದು ದೊಡ್ಡದಾದರೆ ಗೇಟಿನಿಂದ ಧ್ವನಿಯ ತಲೆಗೆ ದಾರಿ ಉದ್ದವಾಗಿ ಮಾತು ತಡವಾಗುತ್ತದೆ, ಚಿಕ್ಕದಾದರೆ ಮಾತು ಮೊದಲು ಬರುತ್ತದೆ. ನಾಲ್ಕು ಫ್ರೇಮು ಆಚೀಚೆಯಾದರೆ ಸೆಕೆಂಡಿನ ಆರನೇ ಒಂದು ಭಾಗ, ಮಗುವಿಗೂ ಗೊತ್ತಾಗುತ್ತದೆ. ಸಭಾಂಗಣದ ಉದ್ದವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಬ್ದ ಒಂದು ಫ್ರೇಮಿನ ಹೊತ್ತಿನಲ್ಲಿ ಸುಮಾರು 14 ಮೀಟರ್ ಸಾಗುತ್ತದೆ. ಸ್ಪೀಕರು ಇರುವುದು ಪರದೆಯ ಹಿಂದೆ, ಪರದೆ ತುಂಬ ಸಣ್ಣ ತೂತುಗಳಿರುವುದು ಅದಕ್ಕೇ. ಆದ್ದರಿಂದ ನಡುಸಾಲಿಗೆ ತಾಳೆಯಾಗುವಂತೆ 20 ಫ್ರೇಮಿನ ದಾರಿಗೆ ಹಾಕುವವರೇ ಹೆಚ್ಚು.

ಧ್ವನಿ ಓದುವ ಕ್ರಮ ಸರಳ. ಎಕ್ಸೈಟರ್ ಎಂಬ ಪುಟ್ಟ ದೀಪ, ಕೂದಲೆಳೆಯಂಥ ಬೆಳಕಿನ ಗೆರೆ, ಫಿಲ್ಮಿನ ಅಂಚಿನ ಏರಿಳಿತದ ಪಟ್ಟಿ, ಆಚೆಗೆ ಬೆಳಕನ್ನು ವಿದ್ಯುತ್ತಾಗಿಸುವ ಕೋಶ. ದೋಷವನ್ನು ಕಿವಿಯಿಂದಲೇ ಹಿಡಿಯಬಹುದು. ಬೆಳಕಿನ ಗೆರೆ ಹೊರಗಿನ ಅಂಚಿಗೆ ಸರಿದರೆ ತೂತುಗಳನ್ನೇ ಓದುತ್ತದೆ: ಸೆಕೆಂಡಿಗೆ 24 ಫ್ರೇಮು, ಫ್ರೇಮಿಗೆ 4 ತೂತು, 96 ಹರ್ಟ್ಸಿನ ಗುಂಯ್ ಸದ್ದು. ಒಳಗೆ ಚಿತ್ರದ ಕಡೆ ಸರಿದರೆ ಫ್ರೇಮಿನ ಗೆರೆಗಳನ್ನು ಓದಿ 24 ಹರ್ಟ್ಸಿನ ಬಡಬಡ. ಸ, ಶ ಅಕ್ಷರಗಳು ಮೊಂಡಾಗಿ ಕೇಳಿದರೆ ಗೆರೆ ಮೂಡಿಸುವ ಮಸೂರದ ಮೇಲೆ ಎಣ್ಣೆಯ ಪೊರೆ ಕೂತಿದೆ. ಹಾಡು ಅಲೆಯಲೆಯಾಗಿ ಸ್ವರ ತಪ್ಪಿದರೆ ಭಾರದ ಚಕ್ರದ ಬೇರಿಂಗು.

ಮುಂದಿನ ಸಾಲು

ಮಳೆ ಉಳಿಯಿತು. ಕೆಲವು ಗೆರೆ ಕಪ್ಪು, ಕೆಲವು ಹಸಿರು ಯಾಕೆ?

ರೀಲುಪೆಟ್ಟಿಗೆ

ಗೆರೆ ಯಾವ ಬದಿಗೆ ಬಿದ್ದಿದೆ ಅನ್ನುವುದನ್ನು ಬಣ್ಣವೇ ಹೇಳುತ್ತದೆ. ಹಾಳೆಯ ಬರಿಯ ಬದಿಗೆ ಗೀಚಿದ್ದರೆ ಅಲ್ಲಿ ಬೆಳಕು ಚದುರಿ ಪರದೆಯಲ್ಲಿ ಕಪ್ಪು. ಚಿತ್ರದ ಬದಿಗೆ ಗೀಚಿದ್ದರೆ ಬಣ್ಣದ ಪದರ ಕಿತ್ತುಬಂದಿರುತ್ತದೆ. ಬಣ್ಣದ ಪ್ರಿಂಟಿನಲ್ಲಿ ಮೇಲಿನದು ಕಡುಗುಲಾಬಿ, ನಡುವಿನದು ಹಸಿರುನೀಲಿ, ಅಡಿಯದು ಹಳದಿ. ಮೇಲಿನದು ಮಾತ್ರ ಹೋದರೆ ಹಸಿರು ಗೆರೆ, ಎರಡು ಹೋದರೆ ಹಳದಿ, ಮೂರೂ ಹೋದರೆ ಬಿಳಿ.

ಮಳೆಗೆ ದೊಡ್ಡ ಕಾರಣ ಪ್ರೊಜೆಕ್ಟರಲ್ಲ, ಓಡಿದ ರೀಲನ್ನು ಮತ್ತೆ ಸುತ್ತುವ ಮೇಜು. ಸಡಿಲವಾಗಿ ಸುತ್ತಿದ ರೀಲಿನ ತುದಿ ಹಿಡಿದು ಜಗ್ಗಿ ಬಿಗಿ ಮಾಡಿದರೆ ಸುತ್ತುಗಳು ಒಂದರ ಮೇಲೊಂದು ಉಜ್ಜಿ, ನಡುವೆ ಇರುವ ಧೂಳು ಉದ್ದುದ್ದ ಗೀರುತ್ತದೆ. ಒಂದೇ ಜಗ್ಗಿಗೆ ನೂರಾರು ಅಡಿ ಹಾಳು. ಇದು ಯಾವತ್ತೂ ಕ್ಷಮಿಸಲಾಗದ ಕೆಲಸ. ರೀಲಿನ ತಲೆ ಮತ್ತು ಬಾಲದಲ್ಲಿ ಮಳೆ ಜಾಸ್ತಿ, ಯಾಕೆಂದರೆ ಕೈ, ಮೇಜು, ನೆಲ ಎಲ್ಲವೂ ತಾಗುವುದು ಅಲ್ಲೇ. ಚುಕ್ಕಿ ಬರುವ ಹೊತ್ತಿಗೆ ಮಳೆಯೂ ಜೋರಾಗುವುದಕ್ಕೆ ಇದೇ ಕಾರಣ.

ಹೊಸ ಪ್ರಿಂಟಿಗೆ ಬೇರೆ ಕಷ್ಟ. ಪದರ ಇನ್ನೂ ಹಸಿ ಇದ್ದು ಗೇಟಿನ ಬಿಸಿಗೆ ಅಂಟಂಟಾಗಿ ಪಟ್ಟಿಯ ಮೇಲೆ ಗಟ್ಟಿ ಗಂಟು ಕಟ್ಟುತ್ತದೆ, ಆ ಗಂಟೇ ಮುಂದಿನ ಫಿಲ್ಮನ್ನು ಗೀರುತ್ತದೆ. ಪ್ರತಿ ರೀಲಿಗೂ ಗೇಟು ನೋಡಬೇಕು. ಕೆರೆಯಲು ಮರದ ಅಥವಾ ಹಿತ್ತಾಳೆಯ ಚಕ್ಕೆ, ಉಕ್ಕಿನದು ಮುಟ್ಟಿಸಬಾರದು.

ಬೆಳಕಿನ ಕೋಲು

ಕೊನೆಯದು. ಅಂಟಿಸುವಾಗ ಕತ್ತರಿಸಿ ಎಸೆದ ತುಂಡುಗಳನ್ನೇ ಮಕ್ಕಳು ಆಯ್ದು, ನೀರು ತುಂಬಿದ ಬಲ್ಬು ಮತ್ತು ಕನ್ನಡಿ ಇಟ್ಟು ಗೋಡೆಗೆ ಬಿಡುತ್ತಿದ್ದರು. ಕೆಲವು ತುಂಡಲ್ಲಿ ಮುಖಗಳು ಸೊಟ್ಟಗೆ ಉದ್ದುದ್ದ. ಯಾಕೆ? ಈಗ ಮಕ್ಕಳಿಗೆ ಮಾಡಿ ತೋರಿಸುವುದಾದರೆ ಅಳತೆ ಏನು?

ಕಾರ್ಬನ್ ಕಡ್ಡಿ

ಉದ್ದ ಮುಖದ್ದು ಸ್ಕೋಪ್ ಸಿನಿಮಾದ ತುಂಡು. ಅಗಲವನ್ನು ಅರ್ಧಕ್ಕೆ ಹಿಂಡಿ ಅಚ್ಚು ಹಾಕಿರುತ್ತಾರೆ, ಪ್ರೊಜೆಕ್ಟರಿನ ಮುಂದಿನ ವಿಶೇಷ ಮಸೂರ ಎರಡು ಪಟ್ಟು ಅಗಲಿಸುತ್ತದೆ. ಆ ಮಸೂರ ಹಾಕಲು ಮರೆತ ದಿನ ಪರದೆಯ ಮೇಲೂ ಎಲ್ಲರೂ ಹಾಗೇ ಸಣಕಲಾಗಿರುತ್ತಿದ್ದರು.

ಮೊದಲು ತುಂಡಿನ ಅಂಚು ಓದಿ. ನೈಟ್ರೇಟ್ ಎಂದು ಅಚ್ಚಾಗಿದ್ದರೆ ಆಟಕ್ಕೆ ಬೇಡವೇ ಬೇಡ. ಸೇಫ್ಟಿ ಎಂದಿದ್ದರೆ ಸರಿ. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಕೊಳೆಯುತ್ತಿದೆ, ಬೇರೆ ತುಂಡುಗಳ ಜೊತೆ ಇಡಬೇಡಿ.

ಧ್ವನಿಪಟ್ಟಿ

ಅಳತೆ ನಾನು ಕೊಡುತ್ತೇನೆ. ನೀರು ತುಂಬಿದ ಗೋಳದ ನಾಭಿ, ಕೇಂದ್ರದಿಂದ ಅದರ ತ್ರಿಜ್ಯದ ಎರಡು ಪಟ್ಟು ದೂರದಲ್ಲಿ. 6 ಸೆಂ.ಮೀ. ವ್ಯಾಸದ ಬಲ್ಬಾದರೆ ಕೇಂದ್ರದಿಂದ 6, ಗಾಜಿನ ಮೈಯಿಂದ 3 ಸೆಂ.ಮೀ. ಫಿಲ್ಮನ್ನು ಗಾಜಿನಿಂದ 3 ಸೆಂ.ಮೀ.ಗೆ ಕೂದಲೆಳೆ ಹೆಚ್ಚು ದೂರದಲ್ಲಿ ನಿಲ್ಲಿಸಿ. ಗೋಡೆ ಒಂದೂವರೆ ಮೀಟರ್ ದೂರ ಇದ್ದರೆ ಚಿತ್ರ ಸುಮಾರು 24 ಪಟ್ಟು, ಅಂದರೆ ಅರ್ಧ ಮೀಟರ್ ಅಗಲ ಬರುತ್ತದೆ. ಫಿಲ್ಮನ್ನು ತಲೆಕೆಳಗಾಗಿ ಹಿಡಿಯಬೇಕು, ಬಲ್ಬು ಪೂರ್ತಿ ಪಾರದರ್ಶಕವಾಗಿರಬೇಕು, ನೀರಲ್ಲಿ ಗಾಳಿಗುಳ್ಳೆ ಇರಬಾರದು. ಬಲ್ಬಿನ ಒಳಭಾಗ ತೆಗೆಯುವ ಕೆಲಸ ದೊಡ್ಡವರದ್ದು, ಗಾಜು ಚೂರಾಗುತ್ತದೆ.

ಹೊರಗೆ ಸಾದಾ ಕನ್ನಡಿ, ಬಾಗಿಲ ಸಂದಿಯಿಂದ ಬಿಸಿಲು, ಆಮೇಲೆ ಫಿಲ್ಮು, ಆಮೇಲೆ ಬಲ್ಬು, ಇದು ಸಾಲು. ಚಿತ್ರದ ನಡುಭಾಗ ಸ್ಪಷ್ಟ, ಅಂಚು ಮಸುಕಾಗಿ ಬರುತ್ತದೆ, ಗೋಳದ ಸ್ವಭಾವವೇ ಅದು. ಒಂದೂವರೆ ಸೆಂ.ಮೀ. ತೂತು ಮಾಡಿದ ಕಪ್ಪು ಕಾಗದವನ್ನು ಬಲ್ಬಿಗೆ ಅಂಟಿಸಿದರೆ ಬೆಳಕು ಕಡಿಮೆಯಾದರೂ ಅಂಚು ತಿಳಿಯಾಗುತ್ತದೆ. ಫಿಲ್ಮು ತೆಗೆದಾಗ ಬಲ್ಬಿನ ಆಚೆ 3 ಸೆಂ.ಮೀ.ನಲ್ಲಿ ಬಿಸಿಲು ಒಂದೇ ಬಿಂದುವಿಗೆ ಕೂಡುತ್ತದೆ, ಅಲ್ಲಿ ಬೆರಳು, ಕಾಗದ, ಬಟ್ಟೆ ಇಡಬಾರದು. ಯಾರೂ ಬಲ್ಬಿನ ಕಡೆಗೆ ಎದುರಾಗಿ ನೋಡಬಾರದು. ಸೂರ್ಯ 4 ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ, ಆದ್ದರಿಂದ ಕನ್ನಡಿ ಹಿಡಿದು ಹೊರಗೆ ಒಬ್ಬರು ಕೂತೇ ಇರಬೇಕು.